‘ಸಾರ್, ಕಿಡ್ನಿನೂ ಒಂಚೂರು ನೋಡ್ತೀರಾ?’

ಎರಡು ವರ್ಷದ ಹಿಂದಿನ ಮಾತು. ಗೌರಿ ಹಬ್ಬಕ್ಕೆ ಇನ್ನು ಹದಿನೈದು ದಿನವಿತ್ತು. ನನ್ನಂತೆ ರವಿಕೆ ಹೊಲಿಯುವವರಿಗೆ ವರ್ಷದಲ್ಲಿ ಅದಕ್ಕಿಂತ ಬಿಡುವಿಲ್ಲದ ಕಾಲ ಇನ್ನೊಂದಿಲ್ಲ. ಮದ್ದೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಪುಟ್ಟ ಹೊಲಿಗೆ ಅಂಗಡಿಯಿದೆ. ಆ ದಿನ ಒಂದು ರೇಷ್ಮೆ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಮುಟ್ಟಿನ ಎರಡನೇ ದಿನ. ಒದ್ದೆ ಕಂಬಳಿ ಹಿಂಡಿದ ಹಾಗೆ ಕಿಬ್ಬೊಟ್ಟೆಯನ್ನು ಯಾರೋ ಹಿಂಡುತ್ತಿದ್ದರು. ಹಲ್ಲು ಕಚ್ಚಿಕೊಂಡು ಮಿಷನ್ ತುಳಿಯುತ್ತಲೇ ಇದ್ದೆ. ಬಟ್ಟೆ ಕೊಡಲು ಬಂದಿದ್ದ ಹೆಂಗಸೊಬ್ಬರು, “ನಿಮ್ಮ ಬೆರಳು ನೋಡ್ಕೊಳಿ” ಅಂದಾಗಲೇ ಕೆಳಗೆ ನೋಡಿದ್ದು. ಸೂಜಿ ನನ್ನ ತೋರುಬೆರಳಿನ ಉಗುರನ್ನು ತೂರಿ ಇಳಿದಿತ್ತು. ಹೊಟ್ಟೆಯ ನೋವಿನ ಮುಂದೆ ಅದು ಚುಚ್ಚಿದ್ದೇ ನನಗೆ ತಿಳಿದಿರಲಿಲ್ಲ.

ಆಗ ನನಗೆ ಮೂವತ್ತೊಂದು ವರ್ಷ. ಹದಿನೈದರಿಂದಲೂ ಆ ನೋವು ನನ್ನ ಜೊತೆಗಿತ್ತು. ತವರಿನಲ್ಲಿ ಅಮ್ಮ, “ಮದುವೆ ಆದ್ಮೇಲೆ ಸರಿಹೋಗುತ್ತೆ” ಅನ್ನುತ್ತಿದ್ದರು. ಮದುವೆಯಾಗಿ ಚಿಕ್ಕರಸಿನಕೆರೆಯ ಹತ್ತಿರದ ಹಳ್ಳಿಗೆ ಬಂದ ಮೇಲೆ ಅಕ್ಕಪಕ್ಕದವರು, “ಒಂದು ಮಗು ಆದ್ರೆ ಸರಿಹೋಗುತ್ತೆ” ಅಂದರು. ಏಳು ವರ್ಷವಾದರೂ ಮಗು ಆಗಿರಲಿಲ್ಲ. ತಿಂಗಳಿಗೆ ನಾಲ್ಕು ದಿನ ಇದ್ದ ನೋವು ಹತ್ತು ದಿನವಾಗಿತ್ತು. ಕೂರುವಾಗ ಒಂದು ಪಕ್ಕಕ್ಕೆ ವಾಲಿ ಕೂರುವುದು ಅಭ್ಯಾಸವಾಗಿತ್ತು. ಗಂಡನ ಹತ್ತಿರವೂ ಎಲ್ಲವನ್ನೂ ಹೇಳಿಕೊಂಡಿರಲಿಲ್ಲ. ಹೆಂಗಸಾದ ಮೇಲೆ ಇಷ್ಟು ಇದ್ದದ್ದೇ ಅಂದುಕೊಂಡಿದ್ದೆ.

ನನ್ನ ಗಂಡ ನಾಗೇಶ ಶಾಲೆಯ ವ್ಯಾನ್ ಓಡಿಸುತ್ತಾರೆ. ಮಾತು ಕಡಿಮೆ. ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಮನೆಗೆ ಬಂದವಳನ್ನು ನೋಡಿ, “ನಾಳೆ ಮಂಡ್ಯಕ್ಕೆ ಹೋಗನ” ಎಂದಷ್ಟೇ ಹೇಳಿದರು. ಮಾರನೆಯ ದಿನ ಮಕ್ಕಳನ್ನು ಶಾಲೆಗೆ ಇಳಿಸಿ, ವ್ಯಾನನ್ನು ಗೆಳೆಯರೊಬ್ಬರಿಗೆ ಒಪ್ಪಿಸಿ ನನ್ನನ್ನು ಕರೆದುಕೊಂಡು ಹೋದರು.

ಮಂಡ್ಯದ ನರ್ಸಿಂಗ್ ಹೋಮಿನಲ್ಲಿದ್ದವರು ಐವತ್ತರ ಆಸುಪಾಸಿನ ಡಾಕ್ಟರಮ್ಮ. ತಮ್ಮ ಕೋಣೆಯಲ್ಲೇ ಇದ್ದ ಮಿಷನ್ನಿನಲ್ಲಿ ಹೊಟ್ಟೆ ಸ್ಕ್ಯಾನ್ ಮಾಡಿದರು. ಎಡಗಡೆಯ ಅಂಡಾಶಯದಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆಯಿದೆ, ಅದರೊಳಗೆ ಹಳೆಯ ರಕ್ತ ತುಂಬಿಕೊಂಡಿದೆ ಅಂದರು. ಕಾಯಿಲೆಯ ಹೆಸರು ಎಂಡೋಮೆಟ್ರಿಯೋಸಿಸ್. “ಗರ್ಭಕೋಶದ ಒಳಗಿರೋ ಪದರದಂಥದ್ದೇ ಆಚೆ ಕಡೆನೂ ಬೆಳೆಯುತ್ತಮ್ಮ. ತಿಂಗಳು ತಿಂಗಳು ಅದೂ ಕೆರಳುತ್ತೆ. ನೀನು ಇಷ್ಟು ವರ್ಷ ಸುಮ್ಮನೆ ಸಹಿಸಿಕೊಂಡಿದ್ದು ತಪ್ಪು” ಎಂದು ಮೆತ್ತಗೆ ಹೇಳಿದರು. ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನ ನೋವಿಗೆ ಒಂದು ಹೆಸರು ಸಿಕ್ಕಿತ್ತು. ಅಷ್ಟಕ್ಕೇ ನನ್ನ ಕಣ್ಣಲ್ಲಿ ನೀರು ಬಂತು. ಹಬ್ಬ ಕಳೆದ ಮರುವಾರ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು, ಗಡ್ಡೆ ತೆಗೆಯುವುದೆಂದು ದಿನ ಗೊತ್ತು ಮಾಡಿದರು. “ಏನಾದ್ರೂ ಕೇಳೋದಿದೆಯಾ?” ಅಂದರು. ನಾನು ತಲೆಯಾಡಿಸಿ ಇಲ್ಲ ಅಂದೆ. ನಾಗೇಶ್ ಕೂಡ ಇಲ್ಲ ಅಂದರು.

ಮನೆಯಲ್ಲಿ ಅತ್ತೆ ಜಗಲಿಯ ಮೇಲೆ ಅಲಸಂದೆಕಾಯಿ ಬಿಡಿಸುತ್ತಾ ಕಾದಿದ್ದರು. ನಮ್ಮತ್ತೆಯ ಹೆಸರು ಚಿಕ್ಕತಾಯಮ್ಮ. ಮಾವ ತೀರಿಕೊಂಡು ಬಹಳ ವರ್ಷವಾಗಿದೆ. ಒಬ್ಬನೇ ಮಗ. ಅರ್ಧ ಎಕರೆ ಕಬ್ಬು, ಒಂದಿಷ್ಟು ರಾಗಿ ಹೊಲ, ಎರಡು ಹಸು, ಎಲ್ಲವೂ ಅವರ ಕೈಯಲ್ಲೇ. ಮಾತು ಒರಟು. ಮದುವೆಯಾದ ಹೊಸದರಲ್ಲಿ ಅವರ ಮಾತಿಗೆ ನಾನು ಹೆದರಿ ಅಡುಗೆಮನೆ ಸೇರುತ್ತಿದ್ದೆ.

“ಏನಂದ್ರು?” ಅಂದರು.

“ಆಪರೇಷನ್ ಆಗ್ಬೇಕಂತೆ ಅತ್ತೆ.”

“ಏನ್ ತಗೀತರಂತೆ?”

“ಗಡ್ಡೆ.”

“ಗಡ್ಡೆ ಒಂದೇಯಾ, ಇನ್ನೂ ಏನಾರ ತಗೀತರಾ?”

ನಾನು ನಾಗೇಶರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

“ಎಷ್ಟ್ ದಿನ ಮಲೀಕಬೇಕು? ತಿರ್ಗ ಬತ್ತದಾ ಅದು?”

ಅದೂ ಗೊತ್ತಿರಲಿಲ್ಲ. ಅತ್ತೆ ಮೊರ ಪಕ್ಕಕ್ಕಿಟ್ಟರು. “ಯಾರಾರ ಒಂದ್ ರವಿಕೆ ಒಲಿಯಕ್ ಕೊಟ್ರೆ ಎಷ್ಟ್ ಕೇಳ್ತೀಯವ್ವ ನೀನು. ಕತ್ತು ಎಷ್ಟ್ ಇಳೀಬೇಕು, ತೋಳು ಎಷ್ಟುದ್ದ, ಉಕ್ಸು ಮುಂದ್ಕಾ ಇಂದ್ಕಾ ಅಂತ. ನಿನ್ ಒಟ್ಟೆ ಕುಯ್ಯೋರ್ನ ಒಂದ್ ಮಾತೂ ಕೇಳ್ದೆ ಎದ್ ಬಂದ್ಯಲ್ಲ.”

ಬೈಗುಳದ ಹಾಗೇ ಇತ್ತು. ಆದರೆ ಆ ಸಂಜೆ ನನ್ನ ತಟ್ಟೆಗೆ ಮುದ್ದೆ ಹಾಕುವಾಗ, “ಇನ್ನೊಂದ್ಸಲ ಓಗುವಾಗ ನಾನೂ ಬತ್ತೀನಿ” ಅಂದರು. ಇಪ್ಪತ್ತು ವರ್ಷದಲ್ಲಿ ತಮಗಾಗಿ ಒಂದು ಸಲವೂ ಆಸ್ಪತ್ರೆಯ ಮೆಟ್ಟಿಲು ಹತ್ತದವರು ಅವರು.

ಆಪರೇಷನ್ನಿಗೆ ಮೊದಲು ರಕ್ತಪರೀಕ್ಷೆ, ಹೊರಗಡೆ ಇನ್ನೊಂದು ಸ್ಕ್ಯಾನ್ ಮಾಡಿಸಿಕೊಂಡು ಬರಬೇಕಿತ್ತು. ಹಬ್ಬಕ್ಕೆ ಒಂದು ವಾರವಿರುವಾಗ ನಾನೂ ಅತ್ತೆಯೂ ಬಸ್ಸಿನಲ್ಲಿ ಮಂಡ್ಯಕ್ಕೆ ಹೋದೆವು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಒಂದು ಲೀಟರ್ ನೀರು ಕುಡಿಸಿ, ಮೂತ್ರಕ್ಕೆ ಹೋಗಬಾರದು ಎಂದು ಕೂರಿಸಿದರು. ನನ್ನ ಮುಂದೆ ಹನ್ನೊಂದು ಜನ ಇದ್ದರು. ಅರ್ಧ ಗಂಟೆಗೇ ನನ್ನ ಕಾಲು ನಡುಗತೊಡಗಿದವು. ಬೆಂಚಿನ ಮೇಲೆ ಬಲಕ್ಕೆ ವಾಲಿಕೊಂಡು, ಕಣ್ಣು ಮುಚ್ಚಿ ಕೂತಿದ್ದೆ.

ನನ್ನ ಪಕ್ಕದಲ್ಲಿ ಬುರ್ಖಾ ಹಾಕಿದ್ದ, ನಲವತ್ತು ದಾಟಿದ ಹೆಂಗಸೊಬ್ಬರು ಕೂತಿದ್ದರು. ಗರ್ಭಿಣಿ ನಾದಿನಿಯನ್ನು ಕರೆದುಕೊಂಡು ಮಳವಳ್ಳಿಯಿಂದ ಬಂದಿದ್ದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ನೆಟ್ಟಗೆ ಕೂತ್ಕೊಳಕ್ಕೆ ಆಗಲ್ವಾ ನಿಂಗೆ?” ಎಂದು ಕೇಳಿದರು.

“ಇಲ್ಲ ಅಕ್ಕ.”

ದನಿ ಇಳಿಸಿ, “ಟಾಯ್ಲೆಟ್‌ಗೆ ಕೂತಾಗ್ಲೂ ನೋವು ಬರುತ್ತಾ? ಮುಟ್ಟಿನ ಟೈಮಲ್ಲಿ ಜಾಸ್ತಿ?” ಅಂದರು.

ನಾನು ಬೆಚ್ಚಿಬಿದ್ದೆ. ಆ ಮಾತನ್ನು ನಾನು ಯಾರಿಗೂ, ಡಾಕ್ಟರಮ್ಮನಿಗೂ ಹೇಳಿರಲಿಲ್ಲ. ಅವರು ಕೇಳಿರಲಿಲ್ಲ, ನನಗೆ ಹೇಳಲು ನಾಚಿಕೆ. ಹೌದು ಎಂದು ತಲೆಯಾಡಿಸಿದೆ.

ಅವರ ಹೆಸರು ಫರ್ಜಾನ. ಅವರಿಗೂ ಇದೇ ಕಾಯಿಲೆ ಇತ್ತು. “ನಂಗೆ ಎರಡು ಸಲ ಆಪರೇಷನ್ ಆಯ್ತು. ಮೊದಲ್ನೇ ಸಲ ಒಳಗೆ ಕ್ಯಾಮೆರಾ ಬಿಟ್ಟು ನೋಡಿದ್ರೆ ಕರುಳು, ಗರ್ಭಕೋಶ ಎಲ್ಲ ಒಂದಕ್ಕೊಂದು ಅಂಟಿಕೊಂಡಿತ್ತಂತೆ. ಕರುಳಿನ ಡಾಕ್ಟ್ರು ಅಲ್ಲಿ ಇರಲಿಲ್ಲ. ಹಂಗೇ ಹೊಲಿಗೆ ಹಾಕಿ ಕಳಿಸಿದ್ರು. ಮತ್ತೆ ಒಂದು ವರ್ಷ ಕಾದು ಇನ್ನೊಂದು ಸಲ. ಅಷ್ಟೊತ್ತಿಗೆ ಒಂದು ಕಿಡ್ನಿ ಹೋಗಿತ್ತು. ಅದು ಹೋಗೋವಾಗ ಒಂಚೂರೂ ನೋವೇ ಆಗ್ಲಿಲ್ಲ ನೋಡು.” ಅಂಗಡಿ ಸಾಮಾನಿನ ಬಗ್ಗೆ ಹೇಳುವಷ್ಟು ಸಲೀಸಾಗಿ ಹೇಳಿದರು.

ಅತ್ತೆ ಅಷ್ಟು ಹೊತ್ತೂ ಇನ್ನೊಂದು ಪಕ್ಕದಲ್ಲಿ ಸುಮ್ಮನೆ ಕೂತಿದ್ದವರು ಮುಂದಕ್ಕೆ ಬಗ್ಗಿದರು. “ಅಂಗಾರೆ ಏನೇನ್ ಕೇಳ್ಬೇಕು ಯೋಳವ್ವ. ಇವ್ಳು ಬರ್ಕತಳೆ.”

ನನ್ನ ಬ್ಯಾಗಿನಲ್ಲಿ ಇದ್ದದ್ದು ಗಿರಾಕಿಗಳ ಅಳತೆ ಬರೆದುಕೊಳ್ಳುವ ಪುಸ್ತಕ ಒಂದೇ. ಅದರ ಕೊನೆಯ ಹಾಳೆ ತೆಗೆದು ಬರೆದುಕೊಂಡೆ. ಗಡ್ಡೆ ಬಿಟ್ಟು ಇನ್ನೆಲ್ಲೆಲ್ಲಿ ಹರಡಿದೆ ಅಂತ ನೋಡಿದ್ದೀರಾ? ಕರುಳು, ಮೂತ್ರಕೋಶ ನೋಡೋಕೆ ಎಂಆರ್‌ಐ ಬೇಕಾ? ಕರುಳಿಗೆ ಅಂಟಿದ್ದರೆ ಅವತ್ತು ಅದನ್ನ ಬಿಡಿಸೋ ಡಾಕ್ಟ್ರು ಜೊತೆಗಿರ್ತಾರಾ? ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಫರ್ಜಾನ ಹೇಳುತ್ತಾ ಹೋದರು. ಆ ಕೊನೆಯದನ್ನು ಬರೆಯುವಾಗ, “ಇದನ್ನೆಲ್ಲ ಕೇಳಿದ್ರೆ ಡಾಕ್ಟ್ರು ಬೇಜಾರು ಮಾಡ್ಕೊಳಲ್ವಾ ಅಕ್ಕ?” ಅಂದೆ.

“ಒಳ್ಳೆಯವರು ಮಾಡ್ಕೊಳಲ್ಲ. ಮಾಡ್ಕೊಂಡ್ರೆ ಮಾಡ್ಕೊಳ್ಳಿ, ಹೊಟ್ಟೆ ನಿಂದು” ಅಂದರು. ಆಮೇಲೆ ನನ್ನ ಕೈ ಹಿಡಿದು, “ಒಳಗೆ ಸ್ಕ್ಯಾನ್ ಮಾಡೋರಿಗೆ ಕಿಡ್ನಿನೂ ನೋಡಿ ಅಂತ ಹೇಳು. ಮರೀಬೇಡ” ಅಂದರು.

ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಸ್ಕ್ಯಾನ್ ಮಾಡುತ್ತಿದ್ದವರು ಇನ್ನೂ ಎಳೆಯ ವಯಸ್ಸಿನ ಡಾಕ್ಟರು. ತಣ್ಣನೆಯ ಜೆಲ್ ಸವರಿ ಕಿಬ್ಬೊಟ್ಟೆಯ ಮೇಲೆ ಉಪಕರಣ ಆಡಿಸುತ್ತಾ ಪಕ್ಕದಲ್ಲಿದ್ದ ಹುಡುಗಿಗೆ ಅಳತೆಗಳನ್ನು ಬರೆಸಿದರು. ಹತ್ತು ನಿಮಿಷದಲ್ಲಿ ಮುಗಿಯಿತು. “ಒರೆಸ್ಕೊಳಿ” ಎಂದು ಟಿಶ್ಯೂ ಕೊಟ್ಟರು. ನಾನು ಎದ್ದು ಕೂತೆ. ಚಪ್ಪಲಿಗೆ ಕಾಲು ಹಾಕಿದೆ. ಕೇಳಬೇಕೋ ಬೇಡವೋ ಎಂದು ಮನಸ್ಸು ಹೊಯ್ದಾಡಿತು. ಹೊರಗೆ ಇನ್ನೂ ಎಷ್ಟೋ ಜನ ಕಾಯುತ್ತಿದ್ದರು. ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತೆ.

“ಸಾರ್, ಕಿಡ್ನಿನೂ ಒಂಚೂರು ನೋಡ್ತೀರಾ?”

ಅವರು ಚೀಟಿ ನೋಡಿದರು. “ಇದರಲ್ಲಿ ಕಿಬ್ಬೊಟ್ಟೆ ಮಾತ್ರ ಬರೆದಿದ್ದಾರಲ್ಲಮ್ಮ. ಯಾಕೆ, ಬೆನ್ನು ನೋವಿದೆಯಾ?”

“ಇಲ್ಲ ಸಾರ್. ಹೊರಗಡೆ ಒಬ್ಬರು ಅಕ್ಕ ಹೇಳಿದ್ರು, ಈ ಕಾಯಿಲೆಯಿಂದ ಅವರ ಕಿಡ್ನಿ ಹೋಯ್ತಂತೆ.”

ಗದರುತ್ತಾರೆ ಅಂದುಕೊಂಡೆ. ಅವರು ಚೀಟಿ ಪಕ್ಕಕ್ಕಿಟ್ಟು, “ಬನ್ನಿ, ಮಲಗಿ” ಅಂದರು. ಬಲಗಡೆ ನೋಡಿದರು. ಎಡಗಡೆಗೆ ಬಂದವರು ಅಲ್ಲೇ ನಿಂತರು. ಉಪಕರಣವನ್ನು ಒತ್ತಿ, ಓರೆ ಮಾಡಿ, ಮತ್ತೆ ಒತ್ತಿದರು. ಬರೆದುಕೊಳ್ಳುತ್ತಿದ್ದ ಹುಡುಗಿಯೂ ಪರದೆಯ ಕಡೆ ತಿರುಗಿದಳು. “ಎಡಗಡೆ ಕಿಡ್ನಿ ಊದಿಕೊಂಡಿದೆಯಮ್ಮ” ಎಂದರು ಕೊನೆಗೆ. “ಮೂತ್ರ ಕೆಳಗಿಳಿಯೋ ನಾಳ ಎಲ್ಲೋ ಅದುಮಿ ಹೋಗಿದೆ. ನೀವು ಕೇಳಿದ್ದು ಒಳ್ಳೇದಾಯ್ತು. ನಾನೇ ನಿಮ್ಮ ಡಾಕ್ಟರಿಗೆ ಫೋನ್ ಮಾಡ್ತೀನಿ.”

ಹೊರಗೆ ಬಂದಾಗ ಫರ್ಜಾನ ಅಲ್ಲಿರಲಿಲ್ಲ. ನಾದಿನಿಯನ್ನು ಬೇರೆ ಕೋಣೆಗೆ ಕರೆದಿದ್ದರಂತೆ. ಕಾಯುವಷ್ಟು ವ್ಯವಧಾನ ನನಗೂ ಇರಲಿಲ್ಲ. ಅತ್ತೆಗೆ ಹೇಳಿದೆ. ಅವರು ನನ್ನ ಬ್ಯಾಗನ್ನು ತಾವೇ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದರು. ನರ್ಸಿಂಗ್ ಹೋಮ್ ಒಂದು ಮೈಲಿ ದೂರ. ಇಬ್ಬರೂ ಬಿಸಿಲಲ್ಲೇ ನಡೆದುಬಿಟ್ಟೆವು. ಆಟೋ ಹಿಡಿಯುವುದು ಇಬ್ಬರಿಗೂ ಹೊಳೆಯಲಿಲ್ಲ.

ಡಾಕ್ಟರಮ್ಮನ ಎದುರು ಕೂತು ಅಳತೆ ಪುಸ್ತಕದ ಹಿಂದಿನ ಹಾಳೆ ತೆರೆದೆ. ಟಾಯ್ಲೆಟ್ಟಿನ ನೋವನ್ನು ಮೊದಲು ಹೇಳಿದೆ. ಆಮೇಲೆ ಒಂದೊಂದೇ ಪ್ರಶ್ನೆ ಓದಿದೆ. “ಎಷ್ಟು ಮಾಡಿದ್ದೀರಿ” ಅನ್ನುವುದನ್ನು ಓದುವಾಗ ಹಾಳೆಯಿಂದ ತಲೆ ಎತ್ತಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರು ಹೇಳಿಕೊಟ್ರು ಇದನ್ನೆಲ್ಲ?”

ನಾನು ಉತ್ತರಿಸುವ ಮೊದಲೇ ಅತ್ತೆ, “ಯಾಕೆ, ತಪ್ ಕೇಳುದ್ಲಾ?” ಅಂದರು.

ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಇಲ್ಲಮ್ಮ. ನಾನು ಕೇಳಬೇಕಾಗಿದ್ದನ್ನ ಇವಳು ಕೇಳಿದ್ದಾಳೆ” ಅಂದರು. ಗಡ್ಡೆ ತೆಗೆಯುವ ಆಪರೇಷನ್ ತಾವು ಬಹಳ ಮಾಡಿರುವುದಾಗಿಯೂ, ಕರುಳು, ಮೂತ್ರನಾಳಕ್ಕೆ ಹರಡಿದ್ದರೆ ತಮ್ಮೊಬ್ಬರಿಂದ ಆಗುವ ಕೆಲಸ ಅದಲ್ಲವೆಂದೂ ನೇರವಾಗಿ ಹೇಳಿದರು. ಒಂದು ಹಾಳೆಯ ಮೇಲೆ ಗರ್ಭಕೋಶ, ಅಂಡಾಶಯ, ಹಿಂದೆ ಕರುಳು, ಪಕ್ಕದಲ್ಲಿ ದಾರದಂತೆ ಇಳಿದು ಬರುವ ಮೂತ್ರನಾಳ ಬರೆದು ತೋರಿಸಿದರು. ಗೊತ್ತು ಮಾಡಿದ್ದ ದಿನವನ್ನು ಹೊಡೆದುಹಾಕಿ ಎಂಆರ್‌ಐಗೆ ಬರೆದುಕೊಟ್ಟರು. ಆಪರೇಷನ್ ದಿನ ರದ್ದಾದದ್ದಕ್ಕೆ ಯಾರಾದರೂ ನನ್ನಷ್ಟು ಸಮಾಧಾನಪಟ್ಟಿರುತ್ತಾರೋ ಇಲ್ಲವೋ.

ಎರಡು ದಿನ ಬಿಟ್ಟು ಎಂಆರ್‌ಐ. ಬೆಳಿಗ್ಗೆಯಿಂದ ಉಪವಾಸ. ಮೈಮೇಲೆ ಒಂದು ಚೂರೂ ಲೋಹ ಇರಬಾರದು ಅಂದರು. ಬಳೆ, ಓಲೆ ತೆಗೆದೆ. ಕಾಲುಂಗುರಕ್ಕೆ ಸೋಪು ಹಚ್ಚಿ ಜಾರಿಸಬೇಕಾಯಿತು. ಮೂಗುಬೊಟ್ಟಿನ ತಿರುಪು ಏಳು ವರ್ಷದಿಂದ ತೆಗೆಯದೆ ಬಿಗಿದುಹೋಗಿತ್ತು. ಅಲ್ಲಿಯ ನರ್ಸ್ ತಿರುಗಿಸಿ ತಿರುಗಿಸಿ ನನ್ನ ಮೂಗು ಕೆಂಪಗಾಯಿತು. ಕೊನೆಗೆ ಉಳಿದದ್ದು ತಾಳಿ.

ಅತ್ತೆಗೆ ಅದು ಮೊದಲೇ ಗೊತ್ತಿತ್ತು. ಯಾರನ್ನೋ ವಿಚಾರಿಸಿಕೊಂಡು ಬಂದಿದ್ದರು. ಸೆರಗಿನ ಗಂಟು ಬಿಚ್ಚಿ ಅರಿಶಿನ ಹಚ್ಚಿದ ದಾರ, ಅದಕ್ಕೆ ಕಟ್ಟಿದ ಒಂದು ಅರಿಶಿನದ ಕೊಂಬು ತೆಗೆದರು. ನರ್ಸ್ ಕಡೆ ತಿರುಗಿ, “ನೀನು ಮುತ್ತೈದೆ ಅಲ್ವೇನವ್ವ, ಒಸಿ ಕಟ್ಟಿಕೊಡು” ಅಂದರು.

“ನೀವೇ ಕಟ್ಟಿ ಅತ್ತೆ” ಅಂದೆ.

“ನಾನ್ ಕಟ್ಟಬಾರ್ದು ಕಣವ್ವ.”

“ನನಗೆ ನೀವು ಕಟ್ಟಿದ್ರೇನೇ ಧೈರ್ಯ.”

ಅವರು ಸ್ವಲ್ಪ ಹೊತ್ತು ದಾರವನ್ನು ಬೆರಳಲ್ಲಿ ಹೊಸೆಯುತ್ತಾ ನಿಂತರು. ಆಮೇಲೆ ನನ್ನ ಹಿಂದೆ ಬಂದು ಕೂದಲು ಸರಿಸಿ ಕಟ್ಟಿದರು. ಕಬ್ಬಿನ ಸೋಗೆ ಹಿಡಿದು ಒರಟಾದ ಆ ಬೆರಳುಗಳು ನನ್ನ ಕತ್ತಿಗೆ ತಾಗಿದ್ದು ಮದುವೆಯಾದ ಮೇಲೆ ಅದೇ ಮೊದಲು. ನನ್ನ ತಾಳಿಯನ್ನು ಕರ್ಚೀಫಿನಲ್ಲಿ ಸುತ್ತಿ ತಮ್ಮ ರವಿಕೆಯೊಳಗೆ ಇಟ್ಟುಕೊಂಡರು.

ಸರದಿ ಬರಲು ಇನ್ನೂ ಸಮಯವಿತ್ತು. ಬೆಂಚಿನ ಮೇಲೆ ಕೂತಾಗ ಅವರು ನೆಲ ನೋಡುತ್ತಾ ಮಾತು ತೆಗೆದರು. “ನಂಗೂ ಇಂಗೇಯ ಆಯ್ತಿತ್ತು. ನಮ್ಮತ್ತೆ ಮೂರ್ ದಿನ ಕೊಟ್ಗೆ ಪಕ್ಕದ ಕೋಣೆಗೆ ಆಕೋರು. ಎಲ್ರೂ ಅದ ಕಷ್ಟ ಅಂತರೆ. ನಂಗೆ ಅದೇ ಚೆಂದಾಗಿತ್ತು. ಯಾರ್ಗೂ ಕಾಣ್ದಂಗೆ ಮುದುರ್ಕಂಡು ಮಲೀಕಬೋದಿತ್ತು. ಬಾಯ್ಗೆ ಸೆರಗು ತುರ್ಕಂಡು ಅಳಬೋದಿತ್ತು. ನಾಲ್ಕನೇ ದಿನ ನೀರುಯ್ಕಂಡು ಗದ್ದೆಗೋಗೋದು. ನಾಗ ಒಬ್ನೇ ಉಟ್ಟಿದ್ದು. ಆಮೇಕೆ ಒಂದೂ ನಿಲ್ನಿಲ್ಲ.”

“ಯಾರಿಗೂ ಹೇಳ್ಲಿಲ್ವಾ ಅತ್ತೆ?”

“ಯಾರ್ ಕೇಳುದ್ರು, ಯೋಳಕ್ಕೆ.”

ನಾನು ಅವರ ಕೈ ಮೇಲೆ ಕೈಯಿಟ್ಟೆ. ಅಷ್ಟರಲ್ಲಿ ಒಳಗೆ ಕರೆದರು.

ಕರುಳು ಅಲುಗಾಡದಿರಲಿ ಎಂದು ಒಂದು ಇಂಜೆಕ್ಷನ್ ಕೊಟ್ಟು ಆ ಕೊಳವೆಯಂಥ ಮಿಷನ್ನಿನೊಳಗೆ ತಳ್ಳಿದರು. ಕಿವಿಗೆ ಮುಚ್ಚಳ ಹಾಕಿದ್ದರೂ ಗುದ್ದುವ ಸದ್ದು ಎದೆಯವರೆಗೆ ಬರುತ್ತಿತ್ತು. ಮುಕ್ಕಾಲು ಗಂಟೆ ಅಲುಗಾಡದೆ ಮಲಗಿದ್ದೆ. ಕೊಟ್ಟಿಗೆ ಪಕ್ಕದ ಆ ಕೋಣೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಮಲಗಿದ್ದ, ನನಗಿಂತ ಚಿಕ್ಕ ವಯಸ್ಸಿನ ಚಿಕ್ಕತಾಯಮ್ಮನನ್ನೇ ನೆನೆಸಿಕೊಳ್ಳುತ್ತಿದ್ದೆ. ನನಗೆ ಹೆದರಿಕೆ ಆಗಲಿಲ್ಲ. ದುಃಖವಾಯಿತು.

ರಿಪೋರ್ಟು ಬಂತು. ಗರ್ಭಕೋಶದ ಹಿಂದೆ ಎರಡೂ ಅಂಡಾಶಯಗಳು ಒಂದಕ್ಕೊಂದು ಅಂಟಿದ್ದವು. ಕರುಳಿನ ಗೋಡೆಯ ಮೇಲೆ ಒಂದು ಗಂಟು. ಎಡಗಡೆಯ ಮೂತ್ರನಾಳವನ್ನು ಆ ಕಾಯಿಲೆ ಸುತ್ತಿಕೊಂಡು ಬಿಗಿದಿತ್ತು. ಮೈಸೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಂಗಸರ ಡಾಕ್ಟರು, ಕರುಳಿನ ಡಾಕ್ಟರು, ಮೂತ್ರನಾಳದ ಡಾಕ್ಟರು ಮೂವರೂ ಸೇರಿ ಮಾಡುತ್ತಾರೆಂದು ಡಾಕ್ಟರಮ್ಮ ತಾವೇ ಮಾತಾಡಿ ಕಳಿಸಿಕೊಟ್ಟರು. ಅಲ್ಲಿ ಮೊದಲು ಮೂತ್ರನಾಳದೊಳಗೆ ಸಣ್ಣ ಕೊಳವೆಯೊಂದನ್ನು ಇಟ್ಟು ಕಿಡ್ನಿಯ ಮೇಲಿನ ಒತ್ತಡ ಇಳಿಸಿದರು. ಒಂದು ತಿಂಗಳ ನಂತರ ದೊಡ್ಡ ಆಪರೇಷನ್.

ಅದರ ಹಿಂದಿನ ವಾರ ಅಲ್ಲಿಯ ಹಿರಿಯ ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡರು. ಹಬ್ಬದ ರವಿಕೆಗಳ ನಡುವೆ, ಆಮೇಲೆ ಮನೆಯಲ್ಲಿ, ಹೊಳೆದಾಗಲೆಲ್ಲ ನಾನು ಬರೆದುಕೊಂಡ ಪ್ರಶ್ನೆಗಳು ಅಷ್ಟರಲ್ಲಿ ಎರಡು ಹಾಳೆಯಾಗಿದ್ದವು. ಅವರು ಬೇಸರವಿಲ್ಲದೆ ಉತ್ತರಿಸಿದರು. ಕಾಯಿಲೆ ಮತ್ತೆ ಬರಬಹುದು, ಬರದಿರಲು ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ ಅಂದರು. ಕರುಳಿನ ತುಂಡು ತೆಗೆಯಬೇಕಾಗಿ ಬಂದರೆ ಸ್ವಲ್ಪ ತಿಂಗಳು ಹೊಟ್ಟೆಯ ಪಕ್ಕದಲ್ಲಿ ಚೀಲ ಕಟ್ಟಿಕೊಂಡಿರಬೇಕಾಗಬಹುದು ಅಂದರು. ಆಮೇಲೆ ಪೆನ್ನು ಕೆಳಗಿಟ್ಟು, “ಒಳಗೆ ಹೋದ ಮೇಲೆ ನಿಮ್ಮನ್ನ ಕೇಳೋಕಾಗಲ್ಲ. ಏನು ತೆಗೀಬಹುದು, ಏನು ತೆಗೀಬಾರದು ಅಂತ ಈಗ್ಲೇ ಹೇಳ್ಬೇಕು. ಗರ್ಭಕೋಶದ ವಿಷಯ ಏನು ಮಾಡೋಣ?” ಎಂದು ಕೇಳಿದರು.

ಅವರು ನಾಗೇಶರ ಕಡೆ ನೋಡುತ್ತಿದ್ದರು. ನಾಗೇಶ್ ಗಂಟಲು ಸರಿಮಾಡಿಕೊಂಡು, “ಅವಳನ್ನ ಕೇಳಿ ಸಾರ್. ಅವಳು ಏನ್ ಹೇಳ್ತಾಳೋ ಅದೇ” ಅಂದರು.

ನಾನು ಅತ್ತೆಯನ್ನು ನೋಡಿದೆ. ಏಳು ವರ್ಷದಿಂದ ಬೀದಿಯವರೆಲ್ಲ ಮಗು ಯಾವಾಗ ಎಂದು ಕೇಳಿದ್ದು ನನ್ನನ್ನಲ್ಲ, ಅವರನ್ನು. ಅವರು ನನ್ನ ನೋಟ ಅರ್ಥ ಮಾಡಿಕೊಂಡರು.

“ಮೊಮ್ಮಗಿನ ಆಸೆ ಇಲ್ಲ ಅಂತ ನಾನ್ ಸುಳ್ ಯೋಳಲ್ಲ ಕಣವ್ವ. ಆದ್ರೆ ಇನ್ನೂ ಉಟ್ದಿರೋ ಮಗೀಗೋಸ್ಕರ ಇರೋ ನಿನ್ನ ಕಳ್ಕಳಕ್ಕೆ ನಂಗಿಷ್ಟ ಇಲ್ಲ. ನಿನ್ ಮನ್ಸಲ್ಲಿ ಇರೋದ್ ಯೋಳು. ನಮ್ ಮಕ ನೋಡ್ಬ್ಯಾಡ.”

ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಹೇಳಿದೆ. ಗರ್ಭಕೋಶ ಇರಲಿ, ಬಲಗಡೆಯ ಅಂಡಾಶಯ ಇರಲಿ. ಕರುಳಿಗೆ ಏನು ಮಾಡಬೇಕೋ ಮಾಡಿ, ಚೀಲವಾದರೂ ಸರಿ. ಜೀವಕ್ಕೇ ತೊಂದರೆ ಅನ್ನಿಸಿದರೆ ಮಾತ್ರ ನಿಮಗೆ ತಿಳಿದದ್ದು ಮಾಡಿ. ಡಾಕ್ಟರು ಅಷ್ಟನ್ನೂ ಬರೆದುಕೊಂಡು ಕನ್ನಡದಲ್ಲೇ ಒಮ್ಮೆ ಓದಿ ಹೇಳಿದರು. ನಾನು ಸಹಿ ಹಾಕಿದೆ. ನನ್ನ ಮೈಯ ಬಗ್ಗೆ ನಾನೇ ಬಾಯಿಬಿಟ್ಟು ಹೇಳಿ, ಅದನ್ನು ಇನ್ನೊಬ್ಬರು ಬರೆದುಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆಪರೇಷನ್ ಐದು ಗಂಟೆ ನಡೆಯಿತಂತೆ. ಎಚ್ಚರವಾದಾಗ ಬಾಯಲ್ಲಿ ಪಸೆ ಇರಲಿಲ್ಲ. ಪಕ್ಕದಲ್ಲಿ ನಾಗೇಶ್ ನಿಂತಿದ್ದರು. ನಾನು ಕೇಳುವ ಮೊದಲೇ ಕಂಠಪಾಠ ಒಪ್ಪಿಸುವ ಹಾಗೆ ಹೇಳಿದರು. “ಗಡ್ಡೆ ತೆಗ್ದಿದ್ದಾರೆ. ಗರ್ಭಕೋಶ ಅದೆ. ಬಲಗಡೇದೂ ಅದೆ, ಎಡಗಡೇದೂ ಅರ್ಧ ಉಳಿಸವ್ರೆ. ಕರುಳಿನ ಗಂಟು ಕೆರೆದು ತೆಗೆದ್ರಂತೆ. ಚೀಲ ಹಾಕಿಲ್ಲ. ಕಿಡ್ನಿ ಸರಿಹೋಗುತ್ತಂತೆ.” ಅಷ್ಟು ಹೇಳಿ ಮುಗಿಸಿ ಮುಖ ಆಚೆ ತಿರುಗಿಸಿಕೊಂಡರು. ಅವರ ಹೆಗಲು ಅಲುಗುತ್ತಿತ್ತು.

ಒಂದೂವರೆ ತಿಂಗಳಿಗೆ ಮೂತ್ರನಾಳದ ಕೊಳವೆ ತೆಗೆದರು. ಸ್ಕ್ಯಾನಿನಲ್ಲಿ ಕಿಡ್ನಿಯ ಊತ ಇಳಿದಿತ್ತು. ಹೊತ್ತು ಹೊತ್ತಿಗೆ ಅತ್ತೆ ಗಂಜಿ, ಸೊಪ್ಪಿನ ಬಸ್ಸಾರು ಮಾಡಿಕೊಟ್ಟು ನನ್ನನ್ನು ಒಂದು ಬಿಂದಿಗೆ ಎತ್ತಲೂ ಬಿಡಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದರಿಂದ ಕೆಲವು ತಿಂಗಳು ಮುಟ್ಟೂ ಬರಲಿಲ್ಲ. ಒಂದು ದಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಮೂರು ಗಂಟೆ ಹೊಲಿದಿದ್ದೇನೆಂದು ಹೊಳೆದು ನನಗೇ ಅಚ್ಚರಿಯಾಯಿತು.

ಸಂಕ್ರಾಂತಿ ಕಳೆದ ಭಾನುವಾರ ಎಳ್ಳು ಬೆಲ್ಲ ಕಟ್ಟಿಕೊಂಡು ನಾವು ಮೂವರೂ ಮಳವಳ್ಳಿಗೆ ಹೊರಟೆವು. ಫರ್ಜಾನ ಅವರ ನಂಬರು ನಮ್ಮಲ್ಲಿರಲಿಲ್ಲ. ಅವರ ಗಂಡ ಬೈಕ್ ರಿಪೇರಿ ಮಾಡುತ್ತಾರೆಂದು ಅತ್ತೆಗೆ ಹೇಳಿದ್ದರಂತೆ, ಅಷ್ಟೇ. ಮೂರು ಗ್ಯಾರೇಜು ಕೇಳಿ ನಾಲ್ಕನೆಯದರಲ್ಲಿ ಸಿಕ್ಕರು. ಗ್ಯಾರೇಜಿನ ಹಿಂದೆಯೇ ಮನೆ. ಬಾಗಿಲಿಗೆ ಬಂದ ಫರ್ಜಾನ ನನ್ನನ್ನು ಗುರುತಿಸಲಿಲ್ಲ. ಹಿಂದಿದ್ದ ಅತ್ತೆಯನ್ನು ನೋಡಿ, “ಈ ಅಮ್ಮ ಗೊತ್ತು ನಂಗೆ” ಅಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನಾ? ಅವತ್ತು ವಾಲ್ಕೊಂಡು ಕೂತಿದ್ದೆ, ಹೆಂಗೆ ಗುರುತು ಸಿಗುತ್ತೆ” ಅಂದರು.

ಕಿಡ್ನಿಯ ವಿಷಯ ಹೇಳಿದೆ. ಅವರು ಸೆರಗಿನಂತೆ ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದರು. “ನಂದು ಹೋದಾಗ ಯಾಕೆ ಹೋಯ್ತು ಅಂತ ಬಹಳ ಅತ್ತಿದ್ದೆ. ನಿಂದು ಉಳೀತಲ್ಲ, ಸಾಕು ಬಿಡು” ಅಂದರು. ಅವರ ಗಂಡ ಗ್ರೀಸಿನ ಕೈ ತೊಳೆದುಕೊಂಡು ಬಂದು ತಾವೇ ಟೀ ಮಾಡಿ ತಂದಿಟ್ಟರು. ಅತ್ತೆ ಮತ್ತು ಫರ್ಜಾನ ಹಜಾರದಲ್ಲಿ ಕೂತು ಮುಟ್ಟು, ನೋವು, ಹೆರಿಗೆ ಎಲ್ಲವನ್ನೂ ಮಾತಾಡಿದರು. ಗಂಡಸರು ಅಲ್ಲೇ ಇದ್ದರೂ ಅತ್ತೆ ದನಿ ತಗ್ಗಿಸಲಿಲ್ಲ.

ವಾಪಸು ಬರುವಾಗ ಕಬ್ಬಿನ ಗಾಡಿಗಳ ಹಿಂದೆ ವ್ಯಾನು ನಿಧಾನವಾಗಿ ಸಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ ಅತ್ತೆ ಇದ್ದಕ್ಕಿದ್ದ ಹಾಗೆ, “ನಂಗೂ ಒಂದ್ ತೊಂದ್ರೆ ಅದೆ ಕಣವ್ವ” ಅಂದರು.

“ಏನತ್ತೆ?”

“ಕೆಳಗೆ ಏನೋ ಜಾರ್ ಬಂದಂಗೆ ಆಯ್ತದೆ. ಬಗ್ಗಿ ಉಲ್ಲು ಕುಯ್ವಾಗ, ಒರೆ ಎತ್ವಾಗ ಆಚೆಗೇ ಬತ್ತದೆ. ಕೈಯಲ್ಲಿ ಒಳಕ್ ತಳ್ಕತೀನಿ. ಎಂಟ್ ವರ್ಸ ಆಯ್ತು.”

ಎಂಟು ವರ್ಷ. ಅಂದರೆ ನಾನು ಆ ಮನೆಗೆ ಬರುವ ಮೊದಲಿನಿಂದ. ನಾಗೇಶ್ ವ್ಯಾನನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದರು. ತಿರುಗಿ ನೋಡಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡೇ, “ನಾಳೆನೇ ಹೋಗನ ಅವ್ವ” ಅಂದರು.

“ನಾಳೆ ಆಗಕಿಲ್ಲ. ನಾಳೆ ಕಬ್ಬಿಗೆ ಕಳೆ ಕೀಳೋರು ಬತ್ತರೆ. ನಾಡಿದ್ದು ಓಗನ” ಅಂದರು ಅತ್ತೆ.

ನಾಡಿದ್ದು ಹೋದೆವು. ಅದೇ ಡಾಕ್ಟರಮ್ಮ. ಗರ್ಭಕೋಶ ಜಾರಿದೆ, ಸದ್ಯಕ್ಕೆ ಒಳಗೆ ಒಂದು ರಬ್ಬರಿನ ಉಂಗುರ ಇಡೋಣ, ಆಪರೇಷನ್ ಬೇಕೋ ಬೇಡವೋ ಆಮೇಲೆ ನೋಡೋಣ ಅಂದರು. ಉಂಗುರವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ ಅತ್ತೆ ಶುರುಮಾಡಿದರು. ಇದು ಒಳಗೆ ಕೊಳೆಯೋದಿಲ್ಲವಾ, ಎಷ್ಟು ದಿನಕ್ಕೆ ತೆಗೆದು ತೊಳೆಯಬೇಕು, ಹಸುವಿಗೆ ಹುಲ್ಲಿನ ಹೊರೆ ಹೊರಬಹುದಾ, ಆಪರೇಷನ್ ಆದರೆ ಯಾರು ಮಾಡುತ್ತಾರೆ. ಡಾಕ್ಟರಮ್ಮ ಒಂದೊಂದಕ್ಕೂ ಉತ್ತರ ಹೇಳುತ್ತಾ ನನ್ನ ಕಡೆ ನೋಡಿ ಮುಗುಳ್ನಕ್ಕರು.

ಈಗ ಅತ್ತೆ ಆರಾಮಾಗಿದ್ದಾರೆ. ನನಗೆ ಇನ್ನೂ ಮಗುವಾಗಿಲ್ಲ. ಆಗಬಹುದು, ಆಗದಿರಲೂಬಹುದು. ಆಗೊಮ್ಮೆ ಈಗೊಮ್ಮೆ ನೋವು ಇಣುಕುತ್ತದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತೇನೆ. ಬಾಗಿಲವರೆಗೆ ಹೋದವಳು ಅವತ್ತು ತಿರುಗಿ ಕೇಳದೆ ಹೊರಗೆ ಬಂದಿದ್ದರೆ ಎಂದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ. ಏಳು ವರ್ಷ ಅತ್ತೆಯೂ ನಾನೂ ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುಂದೆ ಕೂತು ಉಂಡಿದ್ದೆವು. ಅವರು ಒರಟು ಎಂದು ನಾನು, ನಾನು ನಾಜೂಕಿನವಳೆಂದು ಅವರು ಅಂದುಕೊಂಡಿದ್ದೆವು. ಇಬ್ಬರೂ ನೋವು ನುಂಗಿಕೊಂಡು, ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು ಕೆಲಸ ಮಾಡುತ್ತಿದ್ದೆವು. ಈಗ ಬೆಳಿಗ್ಗೆ ಅವರು ಹಾಲು ಕರೆದು ಒಳಗೆ ಬಂದ ಕೂಡಲೇ ನಾನು, “ಹೇಗಿದೆ ಅತ್ತೆ ಇವತ್ತು?” ಎಂದು ಕೇಳುತ್ತೇನೆ. ಅವರು ಪಾತ್ರೆ ಇಳಿಸುತ್ತಾ ಇದ್ದದ್ದು ಇದ್ದಹಾಗೆ ಹೇಳುತ್ತಾರೆ.